ಕ್ರೈಸ್ತ ನೀತಿಶಾಸ್ತ್ರದ ವಿಡಿಯೋ ಕೋರ್ಸ್: ಆರನೇ ಪಾಠದವರೆಗೆ ಚೆನ್ನಾಗಿದೆ

ಎಂಟು ಪಾಠಗಳನ್ನೂ ನೋಡಿ ಮುಗಿಸಿದೆ. 'ಇದು ಸರಿ, ಅದು ತಪ್ಪು' ಎಂದು ಒಬ್ಬ ಕ್ರೈಸ್ತ ಹೇಳಿದರೆ ಅದಕ್ಕೆ ಆಧಾರ ಏನು, ಅದನ್ನು ಪರೀಕ್ಷಿಸಿ ನೋಡಬಹುದಾ ಅನ್ನುವುದೇ ಇಡೀ ಕೋರ್ಸ್‌ನ ವಿಷಯ. ಐದಕ್ಕೆ ಮೂರೂವರೆ ಕೊಡುತ್ತೇನೆ.

ಶುರು ತುಂಬಾ ಚೆನ್ನಾಗಿದೆ. ತರ್ಕ, ಗಣಿತ ಬಿಟ್ಟರೆ ಅನುಭವದಿಂದ ಪರೀಕ್ಷಿಸಲಾಗದ ಮಾತಿಗೆ ಅರ್ಥವೇ ಇಲ್ಲ, 'ಕದ್ದದ್ದು ತಪ್ಪು' ಅನ್ನುವುದು ಬರೀ ನಮ್ಮ ಬೇಸರ ತೋರಿಸುತ್ತದೆ ಎಂದು 1936ರಲ್ಲಿ ಬ್ರಿಟಿಷ್ ತತ್ವಶಾಸ್ತ್ರಜ್ಞ ಎ. ಜೆ. ಏಯರ್ ವಾದಿಸಿದ್ದರಲ್ಲ, ಪಾಠ ಮಾಡುವವರು ಅಲ್ಲಿಂದಲೇ ಹೊರಡುತ್ತಾರೆ. ಆದರೆ ಆ ನಿಯಮವನ್ನೇ ಅನುಭವದಿಂದ ಪರೀಕ್ಷಿಸಲು ಆಗುವುದಿಲ್ಲ, ಅಲ್ವಾ? ಇದನ್ನು ನಿಧಾನವಾಗಿ ಬಿಡಿಸಿ ಹೇಳಿದ್ದಾರೆ.

ಆಮೇಲೆ ಪ್ಲೇಟೋನ ಹಳೆಯ ಪ್ರಶ್ನೆ. ದೇವರು ಹೇಳಿದ್ದರಿಂದ ಒಳ್ಳೆಯದಾಯಿತೋ, ಒಳ್ಳೆಯದಾದ್ದರಿಂದ ದೇವರು ಹೇಳಿದನೋ? ದೇವರ ಸ್ವಭಾವವೇ ಒಳ್ಳೆಯತನ ಎಂಬುದು ಇವರ ಉತ್ತರ. ಸರಿ, ಆ ಸ್ವಭಾವ ಒಳ್ಳೆಯದು ಎಂದು ಗುರುತಿಸಲು ಒಳ್ಳೆಯದರ ಅರಿವು ನಮಗೆ ಮೊದಲೇ ಇರಬೇಕಲ್ಲ? ಮಧ್ಯಯುಗದ ಕ್ರೈಸ್ತ ಚಿಂತಕ ಅಕ್ವಿನಾಸ್ ಬಗೆಗಿನ ಪಾಠದಲ್ಲಿ ಇದಕ್ಕೆ ಸ್ವಲ್ಪ ಸಮಾಧಾನ ಸಿಗುತ್ತದೆ: ಆ ಅರಿವು ಬುದ್ಧಿಯ ಮೂಲಕ ಎಲ್ಲರಿಗೂ ಸಿಕ್ಕಿದೆ ಅಂತ.

ಏಳನೇ ಪಾಠ ಗುಲಾಮಗಿರಿ. ಇಲ್ಲೇ ನಿರಾಸೆಯಾಯಿತು. 'ದಾಸರೇ, ಯಜಮಾನರಿಗೆ ವಿಧೇಯರಾಗಿರಿ' ಎಂಬ ಪೌಲನ ಮಾತನ್ನು ಗುಲಾಮಗಿರಿ ಸರಿ ಎಂದವರು ಹಿಡಿದರು, ಮನುಷ್ಯ ದೇವರ ಸ್ವರೂಪ ಎಂಬ ಆದಿಕಾಂಡದ ಮಾತನ್ನು ಅದು ತಪ್ಪು ಎಂದವರು. ಬೈಬಲ್ ಒಂದೇ. ಯಾರು ಸರಿ ಎಂದು ಹೇಗೆ ತಿಳಿಯುವುದು? ಹತ್ತೇ ನಿಮಿಷದಲ್ಲಿ ಮುಗಿಸಿಬಿಟ್ಟರು. ಪ್ರಶ್ನೋತ್ತರದಲ್ಲಿ ಕೇಳಿದೆ. 'ಪ್ರಾರ್ಥಿಸಿ, ತಿಳಿಯುತ್ತದೆ' ಎಂದು ಉತ್ತರ ಬಂತು. ಪ್ರಾರ್ಥನೆಯ ಮೇಲೆ ನನಗೆ ನಂಬಿಕೆ ಇದೆ, ಆದರೆ ಗುಲಾಮರನ್ನು ಇಟ್ಟುಕೊಂಡವರೂ ಪ್ರಾರ್ಥಿಸುತ್ತಿದ್ದರು.

ಯಾರು ಸರಿ ಎಂಬುದಕ್ಕೆ ಉತ್ತರವನ್ನು ಗುಲಾಮಗಿರಿಯ ಕಾಲದವರೇ ಕೊಟ್ಟಿದ್ದರು. ಗುಲಾಮನಾಗಿದ್ದು ಬಿಡುಗಡೆ ಪಡೆದ ಒಲೌಡಾ ಈಕ್ವಿಯಾನೋ, ತಾನೂ ಕ್ರೈಸ್ತನಾಗಿ, 1789ರ ತನ್ನ ಆತ್ಮಕಥೆಯಲ್ಲಿ ಯಜಮಾನರನ್ನು ನೇರವಾಗಿ ಕೇಳುತ್ತಾನೆ: ಬೇರೆಯವರು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ಅವರಿಗೆ ಮಾಡಿ ಎಂದ ದೇವರಿಂದ ಇದನ್ನು ಕಲಿತಿರಾ? ಇದು ಸುಮ್ನೆ ಭಾವನೆಯ ಮಾತಲ್ಲ. ಬೈಬಲ್‌ನ ಮತ್ತಾಯನ ಸುವಾರ್ತೆಯ ಏಳನೇ ಅಧ್ಯಾಯದಲ್ಲೇ ಇರುವ ಅಳತೆಗೋಲು ಅದು, ಯಜಮಾನರೂ ಒಪ್ಪಿಕೊಂಡಿದ್ದ ಅಳತೆಗೋಲು. ಅದರಿಂದಲೇ ಅವರನ್ನು ಅಳೆದ.

ಈ ಹೆಸರು ಕೋರ್ಸ್‌ನಲ್ಲಿ ಒಮ್ಮೆಯೂ ಬರಲಿಲ್ಲ. ಮೊದಲ ಆರು ಪಾಠಗಳಿಗಾಗಿ ಖಂಡಿತ ಸೇರಿಕೊಳ್ಳಿ. ಏಳನೆಯದನ್ನು ಅವರು ಮತ್ತೆ ಮಾಡಿದರೆ ನಾನೂ ಇನ್ನೊಮ್ಮೆ ನೋಡುತ್ತೇನೆ.