ಮೊದಲು ಕೈಯಿಟ್ಟು ನೋಡುತ್ತಾರೆ, ಆಮೇಲೆ ಸೂಜಿ

ನಮ್ಮ ಗಂಡುಬೆಕ್ಕು ಒಂದು ದಿನ ಬೆಳಗಿನಿಂದ ಮರಳಿನ ಟ್ರೇಗೆ ಹೋಗುವುದು, ತಿಣುಕುವುದು, ಎದ್ದು ಬರುವುದು, ಮತ್ತೆ ಹೋಗಿ ಕೂರುವುದು, ಇದನ್ನೇ ಮಾಡುತ್ತಿತ್ತು. ಮಲಬದ್ಧತೆ ಇರಬೇಕು, ಸಂಜೆ ತೋರಿಸಿದರಾಯಿತು ಅಂದುಕೊಂಡೆ. ಟೈಮ್ ಕೇಳೋಣ ಅಂತ ಕ್ಲಿನಿಕ್‌ಗೆ ಫೋನ್ ಮಾಡಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. ಗಂಡಾ ಹೆಣ್ಣಾ? ಇವತ್ತು ಉಚ್ಚೆ ಮಾಡಿದ್ದನ್ನು ನೀವೇ ನೋಡಿದ್ರಾ? ಇಲ್ಲ ಅಂದ ತಕ್ಷಣ "ಸಂಜೆವರೆಗೆ ಕಾಯಬೇಡಿ ಮೇಡಂ, ಈಗಲೇ ಹೊರಡಿ" ಅಂದರು.

ಗಂಡುಬೆಕ್ಕಿನ ಮೂತ್ರನಾಳ ತುಂಬಾ ಸಣ್ಣದು. ಅದು ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತವೇ ತಪ್ಪುತ್ತದೆ, ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಇದು ನನಗೆ ಗೊತ್ತಾಗಿದ್ದು ಆಮೇಲೆ. ಫೋನ್ ತೆಗೆದವರಿಗೆ ಗೊತ್ತಿತ್ತು, ಅದಕ್ಕೇ ನಮ್ಮ ಬೆಕ್ಕು ಇವತ್ತು ಇದೆ.

ಡಾಕ್ಟರು ಮೊದಲು ವರ್ಷಗಟ್ಟಲೆ ಹಸು ಎಮ್ಮೆ ನೋಡುತ್ತಿದ್ದವರಂತೆ. ಕೊಟ್ಟಿಗೆಯಲ್ಲಿ ಲ್ಯಾಬ್ ಎಲ್ಲಿರುತ್ತೆ, ಕಣ್ಣು, ಕೈ, ಮೂಗು ಅಷ್ಟೇ ಅಂತ ಅವರೇ ಹೇಳಿದರು. ಆ ಅಭ್ಯಾಸ ಇನ್ನೂ ಹೋಗಿಲ್ಲ. ಬೆಕ್ಕನ್ನು ಬುಟ್ಟಿಯಿಂದ ಎಳೆಯಲಿಲ್ಲ, ಕತ್ತಿನ ಚರ್ಮ ಹಿಡಿದು ಎತ್ತಲಿಲ್ಲ. ಬುಟ್ಟಿಯ ಮೇಲಿನ ಭಾಗ ಬಿಚ್ಚಿ, ಕೆಳಗಿನ ಅರ್ಧದಲ್ಲೇ ಟವೆಲ್ ಹೊದಿಸಿ ಕೂರಿಸಿಕೊಂಡು ಮೆತ್ತಗೆ ಹೊಟ್ಟೆ ಮುಟ್ಟಿ ನೋಡಿದರು. ಮೂತ್ರಚೀಲ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ವಸಡು ಒತ್ತಿ ಬಿಟ್ಟರು, ರಕ್ತ ಸರಿಯಾಗಿ ಹರಿಯುತ್ತಿದ್ದರೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು ಅಂತ ನನಗೂ ತೋರಿಸಿದರು. ರಕ್ತ ತೆಗೆದಿದ್ದು ಆಮೇಲೆ, ಯಾಕೆ ಅಂತ ಹೇಳಿಯೇ.

ನನಗೆ ಇವರ ಮೇಲೆ ನಂಬಿಕೆ ಬಂದಿದ್ದು ಮುಂದಿನ ಮಾತಿಗೆ. ಅರಿವಳಿಕೆ ಕೊಟ್ಟು ನಳಿಕೆ ಹಾಕಿ ಮೂತ್ರ ಬಿಡಿಸಿದ ಮೇಲೆ "ಇದನ್ನು ರಾತ್ರಿಯೆಲ್ಲ ಯಾರಾದರೂ ಕೂತು ನೋಡಬೇಕು, ನಮ್ಮಲ್ಲಿ ರಾತ್ರಿ ಯಾರೂ ಇರಲ್ಲ, ಇಲ್ಲಿ ಬಿಡಬೇಡಿ" ಅಂದರು. ಹಗಲು ರಾತ್ರಿ ತೆರೆದಿರುವ ದೊಡ್ಡ ಆಸ್ಪತ್ರೆಗೆ ಅವರೇ ಫೋನ್ ಮಾಡಿದರು, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟಿದ್ದು ಅಂತ ಎಲ್ಲ ಬರೆದು ಕಳಿಸಿದರು. ಪಂಜರದಲ್ಲಿ ಇಟ್ಟುಕೊಂಡು ಬಿಲ್ ಮಾಡಬಹುದಿತ್ತು, ಅಲ್ವಾ? ನನಗೆ ಗೊತ್ತೂ ಆಗುತ್ತಿರಲಿಲ್ಲ.

ಹಿಂದೆ ಬೇರೆ ಕಡೆ ನಾಯಿಮರಿ ತೋರಿಸಿದಾಗ ಒಂದು ಸೂಜಿ ಚುಚ್ಚಿ ಮುಗೀತು ಅಂತ ಕಳಿಸಿದ್ದರು. ಯಾವ ಲಸಿಕೆ ಅಂತ ಚೀಟಿಯೂ ಇರಲಿಲ್ಲ. ಇಲ್ಲಿ ಬಂದ ಮೇಲೆ ಗೊತ್ತಾಯಿತು, ತಾಯಿಯಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಲಸಿಕೆ ಸರಿಯಾಗಿ ಹಿಡಿಯದೇ ಇರಬಹುದು, ಅದು ಯಾವಾಗ ಇಳಿಯುತ್ತದೆ ಅನ್ನುವುದು ಒಂದೊಂದು ಮರಿಗೆ ಒಂದೊಂದು ಥರ, ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ 16 ವಾರದವರೆಗೆ ಮತ್ತೆ ಮತ್ತೆ ಕೊಡುವುದು. ಆ ಹಳೇ ಜಾಗದ ಮೇಲೆ ನನಗೆ ಇನ್ನೂ ಸಿಟ್ಟಿದೆ. ಪಾರ್ವೊ ಅನ್ನುವ, ವಾಂತಿ ಭೇದಿ ಆಗಿ ಮರಿಗಳ ಪ್ರಾಣ ತೆಗೆಯುವ ವೈರಸ್ ಕಾಯಿಲೆ ಬಂದಿದ್ದರೆ ಮರಿಯ ಗತಿ ಏನು?

ಈ ಕ್ಲಿನಿಕ್‌ನ ಗೋಡೆ ಮೇಲೆ ದೊಡ್ಡಕ್ಷರದಲ್ಲಿ ಬರೆದಿದ್ದಾರೆ: ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಸಾಕು ಬೆಕ್ಕು ಸಾಯಲು. ಜ್ವರ ಅಂತ ಪ್ರೀತಿಯಿಂದ ಅರ್ಧ ಮಾತ್ರೆ ಕೊಡುವವರು ಎಷ್ಟೋ ಜನ. ಬೆಕ್ಕು ಸಾಕಿರುವವರಿಗೆ ಇದನ್ನು ದಯವಿಟ್ಟು ಹೇಳಿ.

ತೊಂದರೆ ಇಲ್ಲ ಅಂತಲ್ಲ. ಕಾಯಬೇಕಾಗುತ್ತದೆ, ಜಾಸ್ತಿನೇ. ತುರ್ತು ಕೇಸ್ ಬಂದರೆ ನಿಮ್ಮ ಟೋಕನ್ ಹಿಂದೆ ಹೋಗುತ್ತದೆ, ಅದರ ಬಗ್ಗೆ ನಾನಂತೂ ಮಾತಾಡುವ ಹಾಗಿಲ್ಲ. ಸಂಜೆ ಫೋನ್ ಬೇಗ ಸಿಗುವುದಿಲ್ಲ, ಇದನ್ನು ಅವರು ಸರಿ ಮಾಡಲೇಬೇಕು. ಬೆಕ್ಕಿಗೂ ನಾಯಿಗೂ ಬೇರೆ ಬೇರೆ ಮೂಲೆ ಇದೆ, ಆದರೆ ಜಾಗ ಚಿಕ್ಕದು, ಬುಟ್ಟಿ ಮೇಲೆ ಒಂದು ಬಟ್ಟೆ ಮುಚ್ಚಿಕೊಂಡು ಹೋಗಿ. ಮನೆಯಲ್ಲಿ ಅದು ಮಲಗುವ ಬಟ್ಟೆಯಾದರೆ ಇನ್ನೂ ಒಳ್ಳೆಯದು, ನಮ್ಮದು ಆ ವಾಸನೆಗೇ ಸುಮ್ಮನಾಗುತ್ತದೆ.