ಹಳೆ ಆಲ್ಟೊಗೆ ಸೀಟು: ರೆಡಿಮೇಡ್ ಕವರ್, ಕುಷನ್ ಅಂಗಡಿ, ಗುಜರಿ

ಹಳೆ ಆಲ್ಟೊದ ಡ್ರೈವರ್ ಸೀಟಿನ ಬಲ ಅಂಚನ್ನು, ಅಂದರೆ ಬಾಗಿಲ ಪಕ್ಕದ ಉಬ್ಬನ್ನು, ಹೆಬ್ಬೆರಳಿನಿಂದ ಒತ್ತಿ ನೋಡಿ. ಸ್ಪಂಜು ದಾಟಿ ಒಳಗಿನ ಕಂಬಿ ಬೆರಳಿಗೆ ತಾಕಿದರೆ ಮೇಲೆ ಎಂಥ ಕವರ್ ಹಾಕಿದರೂ ದುಡ್ಡು ದಂಡ. ಹತ್ತುವಾಗ ಇಳಿಯುವಾಗ ತೊಡೆ ಉಜ್ಜುವುದು ಆ ಅಂಚಿಗೇ, ಮೊದಲು ಸಾಯುವುದೂ ಅದೇ. ಎಡಗಡೆಯ ಸೀಟು, ಹಿಂದಿನ ಬೆಂಚು ಅದೇ ವಯಸ್ಸಿನವಾದರೂ ಅಷ್ಟು ಸವೆದಿರುವುದಿಲ್ಲ. ಹಾಗಾಗಿ ಎಲ್ಲ ಸೀಟಿಗೂ ಒಂದೇ ಮದ್ದು ಬೇಕಿಲ್ಲ. ಅಂಗಡಿಯಲ್ಲಿ ಮಾತ್ರ 'ಫುಲ್ ಸೆಟ್ ಹಾಕಿಸಿ ಸಾರ್' ಅನ್ನುತ್ತಾರೆ. ಅದು ಅವರ ವ್ಯಾಪಾರ.

ಕಡಿಮೆ ಖರ್ಚಿನಲ್ಲಿ ಮಾಡಿ ನೋಡಿದ ದಾರಿಗಳು ಮೂರು. ಹತ್ತಿರಹತ್ತಿರದ ಲೆಕ್ಕ ಹೀಗೆ: ರೆಡಿಮೇಡ್ ರೆಕ್ಸಿನ್ ಕವರ್ ಇಡೀ ಗಾಡಿಗೆ 3,000ದಿಂದ 6,000 ರೂಪಾಯಿ. ಕುಷನ್ ಅಂಗಡಿಯಲ್ಲಿ ಸ್ಪಂಜು ಸರಿಮಾಡಿಸಿ ಅಳತೆಗೆ ಹೊಲಿಸಿದರೆ 8,000ದಿಂದ 14,000. ಗುಜರಿಯಿಂದ ಅದೇ ಮಾಡೆಲ್ಲಿನ ಮುಂದಿನ ಸೀಟು ಒಂದಕ್ಕೆ 1,500ದಿಂದ 3,500. ಊರು, ಅಂಗಡಿ, ಚೌಕಾಸಿ ನೋಡಿಕೊಂಡು ಇದು ಏರುತ್ತದೆ, ಇಳಿಯುತ್ತದೆ.

ರೆಡಿಮೇಡ್ ಕವರ್

ಸ್ಪಂಜು ಗಟ್ಟಿಯಾಗಿದ್ದು ಬಟ್ಟೆ ಮಾತ್ರ ಕೊಳೆಯಾಗಿದ್ದರೆ ಇದು ಸಾಕು. ಮಾಡೆಲ್ ಹೆಸರು ಹೇಳಿ ಕೊಂಡರೂ ಡಬ್ಬ ಬಿಚ್ಚಿ ಎರಡು ಜಾಗ ನೋಡಬೇಕು. ಒಂದು, ಹೆಡ್‌ರೆಸ್ಟ್: ಆಲ್ಟೊದ ಕೆಲವು ವೇರಿಯೆಂಟಿಗೆ ಹೆಡ್‌ರೆಸ್ಟ್ ಬೆನ್ನಿಗೇ ಸೇರಿಕೊಂಡಿರುತ್ತದೆ, ಕೆಲವಕ್ಕೆ ಬಿಡಿ. ಕವರ್ ಅದಕ್ಕೆ ತಕ್ಕಂತಿರಬೇಕು. ಎರಡು, ಬೆನ್ನು ವಾಲಿಸುವ ಲಿವರಿನ ಕಡೆಯ ಸೀಳು. ಅದು ತಪ್ಪಾದ ಜಾಗದಲ್ಲಿದ್ದರೆ ಹೊಲಿಗೆ ಅಲ್ಲಿಂದಲೇ ಹರಿಯುತ್ತದೆ.

ಹಾಕುವ ಮೊದಲು ಕವರನ್ನು ಅರ್ಧ ಗಂಟೆ ಬಿಸಿಲಲ್ಲಿ ಹರಡಿ. ಬೆಚ್ಚಗಾದ ರೆಕ್ಸಿನ್ ಎಳೆದಲ್ಲಿಗೆ ಬರುತ್ತದೆ, ತಣ್ಣಗಿರುವಾಗ ಎಳೆದರೆ ಸುಕ್ಕು ಹಾಗೇ ಉಳಿಯುತ್ತದೆ. ಬೆನ್ನು ಮೊದಲು, ಕೂರುವ ಭಾಗ ಆಮೇಲೆ. ಕೆಳಗೆ ಕೊಕ್ಕೆ ಸಿಕ್ಕಿಸುವಾಗ ಹಳಿಯ ಪಕ್ಕ ಎಲಾಸ್ಟಿಕ್ ನೇತಾಡದಂತೆ ನೋಡಿ. ಸೀಟು ಹಿಂದೆ ಮುಂದೆ ಸರಿದಾಗ ಅದು ಹಳಿಯ ಹಲ್ಲುಗಳಿಗೆ ಸಿಕ್ಕಿ, ಸೀಟು ಪೂರ್ತಿ ಲಾಕ್ ಆಗುವುದೇ ಇಲ್ಲ. ಸೀಟಿನೊಳಗೆ ಸೈಡ್ ಏರ್‌ಬ್ಯಾಗ್ ಇರುವ ಗಾಡಿಗಳಿಗೆ ಸಾಧಾರಣ ಕವರ್ ಹಾಕಲೇಬಾರದು. ಅದಕ್ಕೆಂದೇ ಬಿಚ್ಚಿಕೊಳ್ಳುವ ಹೊಲಿಗೆ ಇರುವ ಕವರೇ ಬೇಕು.

ಮಾಲಿನ ವಿಷಯಕ್ಕೆ ಬಂದರೆ, 'ನಪ್ಪಾ', 'ಆರ್ಟ್ ಲೆದರ್' ಎಂಬ ಹೆಸರುಗಳಿಗೆ ಮಾರುಹೋಗಬೇಡಿ, ಈ ಬೆಲೆಗೆ ಸಿಗುವುದು ಪಿವಿಸಿ ಇಲ್ಲವೇ ಪಿಯು (ಪಾಲಿಯುರೆಥೇನ್), ಎರಡೂ ಚರ್ಮದಂತೆ ಕಾಣುವ ಪ್ಲಾಸ್ಟಿಕ್ಕೇ. ಪಿವಿಸಿ ಬೇಸಿಗೆಯಲ್ಲಿ ಸುಡುತ್ತದೆ, ವರ್ಷಗಳಾದಂತೆ ಬಿರುಸಾಗಿ ಬಿರಿಯುತ್ತದೆ, ಆದರೂ ಒರಟು ಬಳಕೆ ತಡೆಯುತ್ತದೆ. ಪಿಯು ಮುಟ್ಟಲು ಮೆತ್ತಗೆ, ಆದರೆ ತೇವಕ್ಕೆ ಆಗುವುದಿಲ್ಲ. ಮಂಗಳೂರು, ಕಾರವಾರದ ಹವೆಯಲ್ಲಿ ಅಗ್ಗದ ಪಿಯು ಸಿಪ್ಪೆಸಿಪ್ಪೆಯಾಗಿ ಎದ್ದು ಅಂಗಿಗೆ ಅಂಟುತ್ತದೆ. ಬಿಸಿಲಲ್ಲೇ ನಿಲ್ಲುವ ಕಲಬುರಗಿ, ರಾಯಚೂರು ಕಡೆಯ ಗಾಡಿಗೆ ಎರಡೂ ಬೇಡ, ಬಟ್ಟೆಯೇ ಸರಿ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಬೂಷ್ಟು ಹಿಡಿಯುತ್ತದೆ, ಅಲ್ಲಿಗೆ ಪಿವಿಸಿ.

ಕುಷನ್ ಅಂಗಡಿ

ನಿಜವಾದ ರಿಪೇರಿ ಆಗುವುದು ಇಲ್ಲಿ, ಕೆಲಸ ಕೆಡುವುದೂ ಇಲ್ಲೇ. ಒಳ್ಳೆಯ ಕೆಲಸಗಾರ ಸೀಟನ್ನು ಗಾಡಿಯಿಂದ ಹೊರಗೆ ತೆಗೆದು, ಕೆಳಗಿನ ಉಕ್ಕಿನ ರಿಂಗುಗಳನ್ನು ಕತ್ತರಿಸಿ ಹಳೆ ಬಟ್ಟೆ ಬಿಚ್ಚುತ್ತಾನೆ. ಗಾಡಿಯೊಳಗೇ ಕೂತು ಹೊಸ ರೆಕ್ಸಿನ್ನನ್ನು ಹಳೆಯದರ ಮೇಲೆ ಎಳೆಯುವವನ ಕೈಗೆ ಕೆಲಸ ಕೊಡಬೇಡಿ.

ಕುಸಿದ ಅಂಚನ್ನು ಕತ್ತಿಯಲ್ಲಿ ಓರೆಯಾಗಿ ಕೊಯ್ದು ತೆಗೆದು, ಆ ಜಾಗಕ್ಕೆ ರೀಬಾಂಡೆಡ್ ಸ್ಪಂಜಿನ ತುಂಡು ಕೂರಿಸಬೇಕು. ಬಣ್ಣಬಣ್ಣದ ಚೂರುಗಳನ್ನು ಒತ್ತಿ ಮಾಡಿದ ಗಟ್ಟಿ ಸ್ಪಂಜು ಅದು. ಅಂಟು ಫೆವಿಕಾಲ್ ಎಸ್‌ಆರ್ 998 ತರಹದ ರಬ್ಬರ್ ಅಂಟು. ಎರಡೂ ಮುಖಕ್ಕೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಬೆರಳಿಗೆ ಜಿಗುಟು ಅನ್ನಿಸಿ ಮೆತ್ತಿಕೊಳ್ಳದ ಹಂತದಲ್ಲಿ ಒತ್ತಬೇಕು. ಹಸಿಯಾಗಿರುವಾಗಲೇ ಒತ್ತಿದರೆ ದ್ರಾವಕ ಒಳಗೇ ಉಳಿದು ಅಂಟು ಹಿಡಿಯುವುದಿಲ್ಲ. ಮೇಲೆ 10–12 ಮಿಲಿಮೀಟರಿನ ಮೆತ್ತನೆ ಸ್ಪಂಜಿನ ಒಂದು ಪದರ, ಕೆಳಗೆ ಸ್ಪ್ರಿಂಗಿಗೂ ಸ್ಪಂಜಿಗೂ ನಡುವೆ ಗೋಣಿ ಬಟ್ಟೆ ಇಲ್ಲವೇ ದಪ್ಪ ಫೆಲ್ಟ್. ಈ ಕೊನೆಯದನ್ನು ಕೇಳಿ ಹಾಕಿಸಿಕೊಳ್ಳಬೇಕು. ಅದಿಲ್ಲದಿದ್ದರೆ ಕಂಬಿ ಹೊಸ ಸ್ಪಂಜನ್ನೂ ಕೊಯ್ದು ಹಾಕುತ್ತದೆ.

'ಗಟ್ಟಿ ಮಾಡಿಕೊಡಿ' ಎಂದು ಬರೀ ಇಷ್ಟೇ ಹೇಳಿದರೆ ಇಡೀ ಸೀಟಿಗೆ ಎರಡು ಇಂಚು ರೀಬಾಂಡೆಡ್ ತುಂಬಿಬಿಡುತ್ತಾರೆ. ಆಗ ಕೂತವರ ತಲೆ ಚಾವಣಿಗೆ ಹತ್ತಿರವಾಗುತ್ತದೆ, ಬೆನ್ನಿನ ಆಸರೆ ಸೊಂಟದಿಂದ ಕೆಳಗೆ ಜಾರುತ್ತದೆ, ಒಂದು ಗಂಟೆಯ ಪ್ರಯಾಣಕ್ಕೇ ತೊಡೆ ಮರಗಟ್ಟುತ್ತದೆ. ಬಿಚ್ಚುವ ಮೊದಲು ಸವೆಯದ ಎಡ ಸೀಟಿನ ಎತ್ತರವನ್ನು ನೆಲದಿಂದ ಟೇಪ್ ಹಿಡಿದು ಬರೆದಿಟ್ಟುಕೊಂಡು, ಅದಕ್ಕೇ ಸರಿಗಟ್ಟಲು ಹೇಳಿ.

ರೆಕ್ಸಿನ್ 54 ಇಂಚು ಪನ್ನದ್ದು ಇಡೀ ಆಲ್ಟೊಗೆ ಸುಮಾರು 7 ಮೀಟರ್. ಮುಂದಿನ ಎರಡು ಸೀಟಿಗೆ ಮಾತ್ರವಾದರೆ ನಾಲ್ಕರಲ್ಲಿ ಮುಗಿಯುತ್ತದೆ. ದಾರ ದಪ್ಪ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಲಿ, ಹತ್ತಿ ದಾರ ಬೆವರಿಗೆ ಕೊಳೆಯುತ್ತದೆ. ಹೊಲಿಗೆ ಒತ್ತಾಗಿದ್ದಷ್ಟೂ ಗಟ್ಟಿ ಅನ್ನುವುದು ರೆಕ್ಸಿನ್ನಿಗೆ ಸಲ್ಲದು. ತೂತುಗಳು ಹತ್ತಿರವಾದರೆ ಅಂಚೆ ಚೀಟಿಯಂತೆ ಆ ಗೆರೆಯಲ್ಲೇ ಹರಿಯುತ್ತದೆ. ಹೊಲಿಗೆಗೆ 4 ಮಿಲಿಮೀಟರ್ ಅಂತರ ಸಾಕು. ಹಳೆ ಬಟ್ಟೆಯ ಒಳಮಡಿಕೆಯಲ್ಲಿದ್ದ ತೆಳು ಕಂಬಿಗಳನ್ನು ಎಸೆಯಲು ಬಿಡಬೇಡಿ. ಸೀಟಿನ ಗುಳಿಗೆರೆ ನಿಲ್ಲುವುದು ಅವುಗಳಿಂದಲೇ.

ಗುಜರಿ ಸೀಟು

ಬೆಂಗಳೂರಿನಲ್ಲಾದರೆ ಶಿವಾಜಿನಗರ, ಬೇರೆ ಊರುಗಳಲ್ಲಿ ಹಳೆ ಗಾಡಿ ಒಡೆಯುವ ಅಂಗಳಗಳು. ಇಲ್ಲಿ ಮಾಡೆಲ್ ಹೆಸರು ನಂಬಿ ಹೋದವರು ಮೋಸಹೋಗುತ್ತಾರೆ. 2000ದಲ್ಲಿ ಬಂದ ಆಲ್ಟೊ ಬೇರೆ, 2012ರಲ್ಲಿ ಬಂದ ಆಲ್ಟೊ 800 ಬೇರೆ. ಮನೆಯಲ್ಲೇ ನಿಮ್ಮ ಸೀಟಿನ ನಾಲ್ಕು ಬೋಲ್ಟುಗಳ ನಡುವಿನ ಅಳತೆ ತೆಗೆದುಕೊಳ್ಳಿ: ಮುಂದಿನ ಎರಡರ ನಡುವೆ, ಹಿಂದಿನ ಎರಡರ ನಡುವೆ, ಎರಡೂ ಪಕ್ಕದಲ್ಲಿ ಮುಂದಿನಿಂದ ಹಿಂದಕ್ಕೆ. ನಾಲ್ಕೂ ಹೊಂದಿದರೆ ಮಾತ್ರ ಬೆಲೆ ಕೇಳಿ.

ಸೀಟನ್ನು ತಲೆಕೆಳಗು ಮಾಡಿ ನೋಡಿ. ಸ್ಪ್ರಿಂಗಿನ ಕೊಂಡಿ ಮುರಿದಿದೆಯೇ, ಎರಡೂ ಹಳಿ ಒಟ್ಟಿಗೆ ಲಾಕ್ ಆಗುತ್ತವೆಯೇ, ಬೆನ್ನು ಎಲ್ಲ ಹಂತದಲ್ಲೂ ನಿಲ್ಲುತ್ತದೆಯೇ ನೋಡಬೇಕು. ಹಳಿಯೊಳಗೆ ಸಣ್ಣ ಮಣ್ಣು, ಸ್ಪ್ರಿಂಗಿನ ಮೇಲೆ ಒಂದೇ ಸಮನಾದ ಕಂದು ತುಕ್ಕು ಕಂಡರೆ ಅದು ನೀರಲ್ಲಿ ಮುಳುಗಿದ ಗಾಡಿಯ ಸೀಟು, ಪುಕ್ಕಟೆ ಕೊಟ್ಟರೂ ಬೇಡ. ಬಟ್ಟೆಯ ಕಲೆಗೆ ಹೆದರಬೇಕಿಲ್ಲ. ಕಲೆ ಹೋಗುತ್ತದೆ, ಚೌಕಾಸಿಗೂ ನೆಪವಾಗುತ್ತದೆ.

ತಂದ ಮೇಲೆ ವ್ಯಾಕ್ಯೂಮ್ ಹಿಡಿದು, ಆಲ್-ಪರ್ಪಸ್ ಕ್ಲೀನರನ್ನು ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ಸಿಂಪಡಿಸಿ, ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಪೈಪು ಹಿಡಿದು ತೊಳೆಯಬಾರದು, ಸ್ಪಂಜು ಕುಡಿದ ನೀರು ವಾರವಾದರೂ ಆರದೆ ನಾರುತ್ತದೆ. ಎರಡು ದಿನ ಬಿಸಿಲು ಬೇಕು. ತಿಗಣೆ ಇದ್ದರೆ ಹೊಲಿಗೆಯ ಸಂದಿಯಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತವೆ. ಅದನ್ನು ಗಾಡಿಗೆ ಏರಿಸುವ ಮೊದಲೇ ನೋಡಿಕೊಳ್ಳುವುದು ವಾಸಿ.

ಬೇರೆ ಮಾಡೆಲ್ಲಿನ ದೊಡ್ಡ ಸೀಟು ತಂದು ಪಟ್ಟಿ ವೆಲ್ಡಿಂಗ್ ಮಾಡಿ ಕೂರಿಸುವ ನಾಲ್ಕನೆಯ ದಾರಿಯೂ ಇದೆ. ಅದನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ. ಡಿಕ್ಕಿಯಾದಾಗ ಕೂತವರ ಭಾರ ನಿಲ್ಲುವುದು ಆ ನಾಲ್ಕು ಬೋಲ್ಟಿನ ಮೇಲೆ. ಸೀಟಿನ ಎತ್ತರ ಬದಲಾದರೆ ಬೆಲ್ಟು ಸೊಂಟ ಬಿಟ್ಟು ಹೊಟ್ಟೆಯ ಮೇಲೆ ಬರುತ್ತದೆ.

ತೂಗಿ ನೋಡಿದರೆ ನಮ್ಮ ಆಯ್ಕೆ ಬೆರಕೆ: ಡ್ರೈವರಿಗೆ ಗುಜರಿಯಿಂದ ಒಳ್ಳೆಯ ಸ್ಪಂಜಿನ ಸೀಟು, ಉಳಿದವಕ್ಕೆ ಬರೀ ತೊಳೆತ, ಬಣ್ಣ ಹೊಂದದಿದ್ದರೆ ಮೇಲೆ ಸಾಧಾರಣ ಕವರ್. 8,000 ರೂಪಾಯಿಯೊಳಗೆ ಮುಗಿಯುತ್ತದೆ. ಗಾಡಿಯನ್ನು ಇನ್ನೂ ಐದಾರು ವರ್ಷ ಇಟ್ಟುಕೊಳ್ಳುವವರು ಮಾತ್ರ ಕುಷನ್ ಅಂಗಡಿಗೆ ಹೋಗಲಿ. ಮಾರುವ ಯೋಚನೆ ಇದ್ದವರಿಗೆ ಆ ದುಡ್ಡು ವಾಪಸು ಬರುವುದಿಲ್ಲ.

ಸೀಟು ಹೊರಗಿರುವಾಗ

ಕಾರ್ಪೆಟ್ ಎತ್ತಿ ನೋಡಲು ಇಂಥ ಸಮಯ ಮತ್ತೆ ಸಿಗುವುದಿಲ್ಲ. ಎಡಗಡೆ ಕಾಲಿಡುವ ಜಾಗ ಒದ್ದೆಯಾಗಿದ್ದರೆ ಬಹುತೇಕ ಎಸಿಯ ನೀರು ಹೊರಹೋಗುವ ಪೈಪು ಕಟ್ಟಿರುತ್ತದೆ. ಅದನ್ನು ಸರಿಮಾಡದೆ ಹೊಸ ಮ್ಯಾಟಿಂಗ್ ಹಾಕಿದರೆ ಕೆಳಗಿನ ತಗಡು ತುಕ್ಕು ತಿನ್ನುತ್ತದೆ. ಹಳೆ ಮ್ಯಾಟಿನ ಮೇಲೆ ಹೊಸ ಮ್ಯಾಟ್ ಹಾಸಬೇಡಿ, ಆಕ್ಸಿಲರೇಟರ್ ಅದರಡಿ ಸಿಕ್ಕಿಕೊಳ್ಳುತ್ತದೆ.

ಜೋತುಬಿದ್ದ ರೂಫ್ ಲೈನಿಂಗಿಗೆ ಬಟ್ಟೆ ಎತ್ತಿ ಅಂಟು ತೂರಿಸುವುದು ಒಂದು ಬೇಸಿಗೆಗೂ ನಿಲ್ಲದು. ಹಳೆ ಸ್ಪಂಜು ಪುಡಿಯಾಗಿರುತ್ತದೆ, ಅಂಟು ಹಿಡಿಯುವುದು ಆ ಪುಡಿಯನ್ನೇ. ಹಲಗೆ ಇಳಿಸಿ, ಪುಡಿ ಪೂರ್ತಿ ಉಜ್ಜಿ ತೆಗೆದು, ಸ್ಪಂಜು ಬೆನ್ನಿನ ಹೊಸ ಬಟ್ಟೆ ಅಂಟಿಸಬೇಕು. ಡ್ಯಾಶ್‌ಬೋರ್ಡಿಗೆ ಮಿರಿಮಿರಿ ಪಾಲಿಶ್ ಬೇಡ, ಅದರ ಹೊಳಪು ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ.

ಸೀಟು ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾಯಬೇಕು. ಸೀಟಿನಡಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಬೆಲ್ಟಿನದು. ಅದು ಬಿಚ್ಚಿರುವಾಗ ಇಗ್ನಿಷನ್ ಹಾಕಿದರೆ ಎಚ್ಚರಿಕೆ ದೀಪ ಉರಿದು, ಗ್ಯಾರೇಜಿನ ಸ್ಕ್ಯಾನರ್ ಇಲ್ಲದೆ ಆರುವುದಿಲ್ಲ. ಬೋಲ್ಟಿಗೆ 12 ಅಥವಾ 14ರ ಸಾಕೆಟ್ ಸಾಕು. ಕೂರಿಸುವಾಗ ನಾಲ್ಕನ್ನೂ ಬೆರಳಿನಲ್ಲೇ ಮೂರು ನಾಲ್ಕು ಸುತ್ತು ಹಿಡಿಸಿ, ಸೀಟನ್ನು ಎರಡೂ ತುದಿಗೆ ಸರಿಸಿ ಹಳಿ ಹಗುರಾಗಿ ಓಡುವುದನ್ನು ಖಚಿತ ಮಾಡಿಕೊಂಡು ಆಮೇಲೆ ಬಿಗಿ ಮಾಡಿ. ಒಂದು ವಾರ ಓಡಿಸಿದ ಮೇಲೆ ನಾಲ್ಕಕ್ಕೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.