'ಏಳು ದಿನದ ಕಿಲಿಮಂಜಾರೋ' ಎಂದು ದುಡ್ಡು ಕೊಡುವ ಮೊದಲು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ, ಆಫ್ರಿಕಾದ ಕಿಲಿಮಂಜಾರೋ ಬೆಟ್ಟ ಹತ್ತಲು ಹೋದ ನಾನು ತುದಿ ಮುಟ್ಟಲಿಲ್ಲ. ಗಂಗಾವತಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ, ಹೇಳಿ ಹೇಳಿ ಸಾಕಾಗಿದೆ. ಮುಟ್ಟಲಿಲ್ಲ. ನನ್ನನ್ನು ಅಲ್ಲಿಗೆ ಕಳಿಸಿದ ಏಜೆಂಟ್ ಈಗ ಕೊಪ್ಪಳ, ಸಿಂಧನೂರಿನವರಿಂದಲೂ ಮುಂಗಡ ಪಡೆಯುತ್ತಿದ್ದಾನೆಂದು ಕೇಳಿ ಇದನ್ನು ಬರೆಯುತ್ತಿದ್ದೇನೆ.

ಮಾತಾಗಿದ್ದು ಮಚಾಮೆ ದಾರಿ, ಏಳು ದಿನ. ಮೂರು ತಿಂಗಳು ಓದಿ, ವಿಚಾರಿಸಿ ನಾನೇ ಆರಿಸಿದ ದಾರಿ. ಅಲ್ಲಿ ಒಂದು ದಿನ 4,600 ಮೀಟರ್ ಎತ್ತರದ ಲಾವಾ ಟವರ್‌ವರೆಗೆ ಹತ್ತಿಸಿ, ರಾತ್ರಿ ಮಲಗಲು 4,000ಕ್ಕಿಂತ ಕೆಳಗಿನ ಬರಾಂಕೊಗೆ ಇಳಿಸುತ್ತಾರೆ. ತೆಳು ಗಾಳಿಗೆ ಮೈ ಒಗ್ಗುವುದೇ ಹಾಗೆ. ಐನೂರು ಮೀಟರ್ ಎತ್ತರವೂ ಇಲ್ಲದ ಊರಿನವನಿಗೆ 5,895 ಮೀಟರ್ ಎಂದರೆ ಹುಡುಗಾಟವೇ? ಹತ್ತು ಕಿಲೋ ಅಕ್ಕಿ ಬೆನ್ನಿಗೆ ಕಟ್ಟಿಕೊಂಡು ಅಂಜನಾದ್ರಿಯ 575 ಮೆಟ್ಟಿಲನ್ನು ದಿನಾ ಎರಡೆರಡು ಸಲ ಹತ್ತಿದ್ದೇನೆ. ಅದು ಕಾಲಿಗಾಯಿತು. ಎತ್ತರಕ್ಕೆ ಮದ್ದು ದಿನಗಳೇ.

ಎರಡು ಲಕ್ಷ ಕೊಟ್ಟೆ, ವಿಮಾನದ ಖರ್ಚು ಬೇರೆ. ಅರ್ಧ ನಗದು. ರಸೀದಿ ಎಂದರೆ ನೀಲಿ ಪೆನ್ನಿನ ಒಂದೇ ಸಾಲು: 'ಕಿಲಿಮಂಜಾರೋ, 7 ದಿನ, ಎಲ್ಲ ಸೇರಿ'. ದಾರಿಯ ಹೆಸರನ್ನೂ ಬರೆಯಪ್ಪ ಎಂದೆ. "ನಮ್ಮ ನಿಮ್ಮ ನಡುವೆ ಅದೆಲ್ಲ ಯಾಕಣ್ಣಾ" ಎಂದು ಚಹಾ ತರಿಸಿದ. ಕುಡಿದೆ.

ಮೋಶಿ ಪಟ್ಟಣದಿಂದ ಹೊರಟ ವ್ಯಾನು ಒಂದು ಗೇಟಿನ ಮುಂದೆ ನಿಂತಿತು. ಫಲಕದಲ್ಲಿ 'ಮರಂಗು' ಎಂದಿತ್ತು, ಅದು ಬೇರೆಯೇ ದಾರಿ. ಚಹಾಕ್ಕೋ ಏನೋ ನಿಲ್ಲಿಸಿರಬೇಕು ಎಂದುಕೊಂಡೆ, ದೇವರಾಣೆ. ಹೆಸರು, ವಯಸ್ಸು, ಉದ್ಯೋಗ ಬರೆಯುವ ದೊಡ್ಡ ಪುಸ್ತಕ ಮುಂದಿಟ್ಟರು. ಮೇಲಿನ ಸಾಲಿನಲ್ಲಿ ಜರ್ಮನಿಯ ದಂಪತಿ ದಿನಗಳ ಜಾಗದಲ್ಲಿ 6 ಎಂದು ಬರೆದಿದ್ದರು. ನಾನು 7 ಎಂದು ಬರೆದೆ. ಗೈಡ್ ನನ್ನ ಕೈಯಿಂದ ಮೆಲ್ಲಗೆ ಪೆನ್ನು ತೆಗೆದುಕೊಂಡು, ಏಳನ್ನು ಹೊಡೆದು ಹಾಕಿ, ಪಕ್ಕದಲ್ಲಿ 5 ಎಂದು ಬರೆದ. ಪರವಾನಗಿ ತೋರಿಸಿದ. ಮರಂಗು, ಐದು ದಿನ. ಆ ಜರ್ಮನಿಯವರು ನನ್ನ ಮುಖ ನೋಡದೆ ಶೂ ಲೇಸು ಕಟ್ಟಿಕೊಳ್ಳತೊಡಗಿದರು.

ಅಲ್ಲಿಂದಲೇ ಏಜೆಂಟನಿಗೆ ಫೋನ್ ಮಾಡಿದೆ.

"ಅಣ್ಣಾ, ಬೆಟ್ಟ ಒಂದೇ ತಾನೆ? ಯಾವ ದಾರಿಯಾದರೇನು?"

ಏಳು ದಿನ ಎಲ್ಲಪ್ಪ ಎಂದೆ. "ಹೋಟೆಲಿನ ಎರಡು ದಿನ ಸೇರಿಸಿ, ಏಳಾಗುತ್ತದೆ." ಮೋಶಿಯಲ್ಲಿ ಹೊದ್ದು ಮಲಗಿದ್ದೂ ಬೆಟ್ಟ ಹತ್ತಿದ ಲೆಕ್ಕ!

"ಮಚಾಮೆಯಲ್ಲಿ ಟೆಂಟಿನಲ್ಲಿ ಮಲಗಬೇಕು, ಇಲ್ಲಿ ಮರದ ಮನೆ, ಮಂಚ. ನಿಮಗೆ ಒಳ್ಳೆಯದನ್ನೇ ಮಾಡಿದ್ದೇನೆ." ಮಂಚ ಇದ್ದದ್ದು ನಿಜ. ನಾನು ಕೇಳಿದ್ದು ಮಂಚವನ್ನಲ್ಲ, ದಿನವನ್ನು.

ಮೊದಲ ರಾತ್ರಿ ಮಂಡಾರಾ, 2,720 ಮೀಟರ್. ಎರಡನೆಯದು ಹೊರೊಂಬೊ, 3,720. ಮರುದಿನವೇ ಕಿಬೊ, 4,700. ದಿನಕ್ಕೆ ಸಾವಿರ ಮೀಟರ್! ಜರ್ಮನಿಯವರು ಮೈ ಒಗ್ಗಲೆಂದು ಹೊರೊಂಬೊದಲ್ಲಿ ಇನ್ನೊಂದು ರಾತ್ರಿ ಉಳಿದರು. ನನ್ನ ಚೀಟಿಯಲ್ಲಿ ಆ ರಾತ್ರಿ ಇರಲಿಲ್ಲ. ಕಿಬೊದಲ್ಲಿ ತಿಂದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ, ತಲೆ ಸಿಡಿಯುತ್ತಿತ್ತು. ಅದೇ ನಡುರಾತ್ರಿ ಹೊರಟೆವು. ಜ್ವಾಲಾಮುಖಿಯ ಸಡಿಲ ಬೂದಿ, ಜಲ್ಲಿ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ. 'ಪೋಲೆ ಪೋಲೆ', ನಿಧಾನ ನಿಧಾನ, ಎಂದು ಗೈಡ್ ಹೇಳುತ್ತಲೇ ಇದ್ದ. ಹ್ಯಾನ್ಸ್ ಮೇಯರ್ ಗುಹೆಯ ಹತ್ತಿರ ನಾನು ಅವನಿಗೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆನಂತೆ. ಅವನು ಏನೂ ವಾದಿಸದೆ ನನ್ನ ಭುಜ ಹಿಡಿದು ಕೆಳಮುಖವಾಗಿ ತಿರುಗಿಸಿ ನಿಲ್ಲಿಸಿದ. ಅಷ್ಟೇ, ಮುಗಿಯಿತು. ಆ ಪುಣ್ಯಾತ್ಮನ ತಪ್ಪು ಎಳ್ಳಷ್ಟೂ ಇಲ್ಲ. 'ಎಲ್ಲ ಸೇರಿ' ಎಂಬುದರಲ್ಲಿ ಅವನ, ಅಡುಗೆಯವನ, ಹಮಾಲರ ಟಿಪ್ಸ್ ಸೇರಿರಲಿಲ್ಲ. ಅದನ್ನು ಸಂತೋಷದಿಂದ ಕೊಟ್ಟೆ. ಹೊಟ್ಟೆ ಉರಿಯುವುದು ಇಲ್ಲಿಯವನ ಮೇಲೆ.

ವಾಪಸ್ ಬಂದು ಕೇಳಿದರೆ, "ಐದೇ ದಿನದಲ್ಲಿ ಹತ್ತಿದವರಿದ್ದಾರಣ್ಣಾ, ನಿಮ್ಮ ಮೈ ಸಹಕರಿಸಲಿಲ್ಲ." ನನ್ನ ಮೈಯಂತೆ! ದುಡ್ಡು ಕೊಡು ಎಂದರೆ, "ಅದನ್ನು ಬೆಟ್ಟಕ್ಕೆ ಕಟ್ಟಿಯಾಯಿತು." ಈಗ ಫೋನ್ ಎತ್ತುವುದಿಲ್ಲ.

ಹೋಗುವವರು ದಾರಿಯ ಹೆಸರನ್ನೂ ಬೆಟ್ಟದ ಮೇಲೆ ಎಷ್ಟು ರಾತ್ರಿ ಎಂಬುದನ್ನೂ ಬರೆಸಿಕೊಳ್ಳಿ. ಏಳು ದಿನ ಎಂದರೆ ಬೆಟ್ಟದ ಮೇಲೆ ಆರು ರಾತ್ರಿ. ಬರೆಯುವವರೆಗೆ ಅವನ ಚಹಾ ಕುಡಿಯಬೇಡಿ.

ನಮ್ಮ ಓಣಿಯ ಹುಡುಗರು ಹಾಕಿಸಿದ ಫ್ಲೆಕ್ಸ್ ಇನ್ನೂ ವೃತ್ತದಲ್ಲಿ ನೇತಾಡುತ್ತಿದೆ. ಹಿಮದ ಶಿಖರದ ಮುಂದೆ ಕೈಮುಗಿದು ನಿಂತ ನಾನು. ಇಳಿಸಿರಪ್ಪ ಎಂದು ನಾಲ್ಕು ಸಲ ಹೇಳಿದೆ. ಕೆಳಗೆ 'ಶುಭ ಕೋರುವವರು' ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡದಾಗಿ ನಗುತ್ತಿರುವ ಫೋಟೊ ಆ ಏಜೆಂಟನದೇ.